ಧ್ವನಿಮುದ್ರಿಕೆಗಳ ಪಾಠವಿಚಾರ

ಹಳೆಯ ಕಾವ್ಯವೊಂದನ್ನು ವಿಮರ್ಶಿಸಹೊರಟವನು ಮೊದಲು ಕೇಳಬೇಕಾದ ಪ್ರಶ್ನೆ, ತನ್ನ ಕೈಯಲ್ಲಿರುವ ಪ್ರತಿ ಯಾವುದು ಎಂಬುದು. ಯಾವ ಮಾತೃಕೆಯಿಂದ ಅದು ಇಳಿದುಬಂದಿತು, ಲಿಪಿಕಾರನು ಎಲ್ಲಿ ಕೈತಪ್ಪಿದನು, ತನಗೆ ತಿಳಿಯದ ಮಾತನ್ನು ಎಲ್ಲಿ ತಿಳಿದ ಮಾತಾಗಿ ತಿದ್ದಿದನು ಎಂಬುದನ್ನು ಗೊತ್ತುಮಾಡಿಕೊಳ್ಳದೆ ಕವಿಯ ಗುಣದೋಷಗಳನ್ನು ಎಣಿಸುವುದು ಎಷ್ಟು ಸಾಹಸವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಆದರೆ ಸಂಗೀತದ ಧ್ವನಿಮುದ್ರಿಕೆಗಳನ್ನು ಕುರಿತು ಬರೆಯತಕ್ಕವರಲ್ಲಿ ಈ ಎಚ್ಚರ ಬಹುಮಟ್ಟಿಗೆ ಕಾಣುವುದಿಲ್ಲ. ಹಾಡಿದವರ ಹೆಸರು, ಮುದ್ರಿಕೆಯ ಹೆಸರು, ಹೊರಬಂದ ವರ್ಷ ಇಷ್ಟನ್ನು ಹೇಳಿ ವಿಮರ್ಶಕನು ನೇರವಾಗಿ ಗುಣದೋಷಗಳಿಗೆ ನುಗ್ಗುತ್ತಾನೆ. ಒಂದೇ ಹೆಸರಿನ, ಅವೇ ಹಾಡುಗಳುಳ್ಳ ಎರಡು ಮುದ್ರಿಕೆಗಳು ಒಂದರಂತೆ ಒಂದಿರುವುವೆಂದು ಅವನ ನಂಬಿಕೆ. ಈ ನಂಬಿಕೆಗೆ ಆಧಾರ ಸಾಲದು. ಕಳೆದ ಮೂವತ್ತು ನಲ್ವತ್ತು ವರ್ಷಗಳಲ್ಲಿ ಧ್ವನಿಮುದ್ರಿಕೆಗಳಿಗೆ ಒದಗಿದ ಒಂದು ವಿಶೇಷವಾದ ಹಾನಿಯನ್ನು ಪಾಠದೋಷವೆಂದೇ ಎಣಿಸಿ ಪರಿಶೀಲಿಸುವುದು ಯುಕ್ತವೆಂದು ನನಗೆ ತೋರಿರುವುದರಿಂದ, ಆ ದಾರಿಯಲ್ಲಿ ಕೆಲವು ವಿಷಯಗಳನ್ನು ಇಲ್ಲಿ ನಿರೂಪಿಸುತ್ತೇನೆ.

ಹಾನಿ ಯಾವುದೆಂದು ಹೇಳುವ ಮೊದಲು ಮಾತಿನ ತೊಡಕೊಂದನ್ನು ಬಿಡಿಸಬೇಕು. ಕನ್ನಡದಲ್ಲಿ 'ದನಿ ಏರಿಸಿದನು' ಎಂದರೆ ಸ್ವರವನ್ನು ಮೇಲಿನ ಸ್ಥಾಯಿಗೆ ಒಯ್ದನೆಂದೂ ಆಗಬಹುದು, ಗಟ್ಟಿಯಾಗಿ ನುಡಿದನೆಂದೂ ಆಗಬಹುದು. ಮಂದ್ರ ಮಧ್ಯ ತಾರಗಳೆಂಬ ವಿಭಾಗ ಮೊದಲನೆಯದಕ್ಕೆ ಸೇರಿದ್ದು. ಪ್ರಕೃತ ನಮಗೆ ಬೇಕಾದದ್ದು ಎರಡನೆಯದು. ಇದನ್ನು ದನಿಯ ಬಲವೆಂದು ಕರೆಯುತ್ತೇನೆ. ಒಂದು ಮುದ್ರಿಕೆಯಲ್ಲಿ ಅತ್ಯಂತ ಮೆಲ್ಲನೆಯ ದನಿಗೂ ಅತ್ಯಂತ ಗಟ್ಟಿಯಾದ ದನಿಗೂ ಇರುವ ಅಂತರವೇ ಬಲದ ಹರವು. ಇಂಜಿನಿಯರುಗಳು ಇದನ್ನು ಡೈನಮಿಕ್ ರೇಂಜ್ ಎನ್ನುತ್ತಾರೆ. ಇದನ್ನು ಅಳೆಯುವ ಮಾನ ಡೆಸಿಬೆಲ್. ಅಲೆಯ ಎತ್ತರ ಇಮ್ಮಡಿಯಾದರೆ ಸುಮಾರು ೬ ಡೆಸಿಬೆಲ್ ಹೆಚ್ಚಿತೆಂದೂ, ಹತ್ತು ಮಡಿಯಾದರೆ ೨೦ ಡೆಸಿಬೆಲ್ ಹೆಚ್ಚಿತೆಂದೂ ಲೆಕ್ಕ. ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದ ಅರಗಿನ ತಟ್ಟೆಗಳಲ್ಲಿ ಗೀರಿನ ಸದ್ದೇ ದೊಡ್ಡದಾಗಿದ್ದುದರಿಂದ ೩೦-೪೦ ಡೆಸಿಬೆಲ್ ಹರವು ದೊರೆತರೆ ಅದೇ ಹೆಚ್ಚು. ಆಮೇಲಿನ ಲಾಂಗ್‌ಪ್ಲೇ ತಟ್ಟೆಗಳಲ್ಲಿ ಅದು ೬೦-೭೦ಕ್ಕೆ ಏರಿತು. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕು ಅಲೆಯ ಎತ್ತರವನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ೬೫,೫೩೬ ಮೆಟ್ಟಿಲುಗಳಲ್ಲಿ ಒಂದಾಗಿ ಬರೆದಿಡುತ್ತದೆ. ಇದರ ಹರವು ಸುಮಾರು ೯೬ ಡೆಸಿಬೆಲ್. ಹೀಗೆ ಪಾತ್ರೆ ದೊಡ್ಡದಾಗುತ್ತ ಬಂದಿತು. ಪಾತ್ರೆ ಅತ್ಯಂತ ದೊಡ್ಡದಾದ ಕಾಲದಲ್ಲಿಯೇ ಅದರೊಳಗೆ ಹಾಕುವ ಪದಾರ್ಥ ಅತ್ಯಂತ ಸಂಕುಚಿತವಾದದ್ದು ನಮ್ಮ ಕಾಲದ ವಿಚಿತ್ರಗಳಲ್ಲಿ ಒಂದು.

ಸಂಕೋಚನವೆಂದರೆ ಇಷ್ಟೆ: ದನಿಯು ಗೊತ್ತಾದ ಒಂದು ಗೆರೆಯನ್ನು ಮೀರಿದಾಗ ಕಂಪ್ರೆಸರ್ ಎಂಬ ಸಾಧನವು ಅದನ್ನು ಅಷ್ಟಿಷ್ಟು ತಗ್ಗಿಸುತ್ತದೆ, ತಗ್ಗಿಸಿದ ಮೇಲೆ ಉಳಿದ ಜಾಗಕ್ಕೆ ಸರಿಯಾಗಿ ಎಲ್ಲವನ್ನೂ ಒಟ್ಟಿಗೆ ಮೇಲೆತ್ತುತ್ತಾರೆ. ಗಟ್ಟಿಯಾದದ್ದು ಇದ್ದಲ್ಲೇ ಇದ್ದು, ಮೆಲ್ಲನೆಯದು ಅದರ ಹತ್ತಿರಕ್ಕೆ ಬರುತ್ತದೆ. ಗೆರೆಯನ್ನು ಒಂದಿನಿತೂ ದಾಟಗೊಡದ ಕಠಿನ ಜಾತಿಯ ಸಾಧನಕ್ಕೆ ಲಿಮಿಟರ್ ಎಂದು ಹೆಸರು. ಗೆರೆಯನ್ನು ದಾಟಿದ ಅಲೆಯ ತುದಿಯನ್ನು ಕತ್ತರಿಸಿಯೇ ಬಿಡುವುದು ಮೂರನೆಯ ಬಗೆ. ಇದನ್ನು ಕ್ಲಿಪಿಂಗ್ ಎನ್ನುತ್ತಾರೆ. ಎಂಪಿ-೩ ಮುಂತಾದ ಕಡತಗಳ ಗಾತ್ರವನ್ನು ಕುಗ್ಗಿಸುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಸಂಕೋಚನವೆಂಬ ಮಾತು ಬಳಕೆಯಲ್ಲಿರುವುದರಿಂದ ಎರಡನ್ನೂ ಕಲಸಿ ಬರೆಯುವವರುಂಟು. ಅದು ಬೇರೆ, ಇದು ಬೇರೆ. ದೊಡ್ಡ ಗಾತ್ರದ, ಒಂದು ಅಂಕಿಯೂ ನಷ್ಟವಾಗದ ಕಡತದಲ್ಲಿಯೂ ಬಲದ ಹರವು ಪೂರಾ ಹಾಳಾಗಿರಬಹುದು.

ಸಂಕೋಚನವೇ ಅಪರಾಧವೆಂದು ನನ್ನ ವಾದವಲ್ಲ. ಹಾಡುವವರು ಮೈಕಿನಿಂದ ಅತ್ತಿತ್ತ ಸರಿದಾಗ ಪದಗಳು ಕೇಳದೆ ಹೋಗದಂತೆ ಕಾಯುವುದು ಅದೇ. ಓಡುವ ಕಾರಿನಲ್ಲಿ, ಸಂತೆಯ ಗದ್ದಲದಲ್ಲಿ ಕೇಳತಕ್ಕ ಸಂಗೀತಕ್ಕೆ ಒಂದಿಷ್ಟು ಸಂಕೋಚನ ಬೇಕೇ ಬೇಕು. ರಾಕ್ ಸಂಗೀತದಲ್ಲಿಯಂತೂ ಡ್ರಮ್ಮಿನ ನಾದಕ್ಕೆ ಒಂದು ವಿಶಿಷ್ಟವಾದ ಬಿಗುವನ್ನು ಕೊಡಲು ವಾದಕರೇ ಅದನ್ನು ಬಯಸಿ ಬಳಸುತ್ತಾರೆ. ಅಲ್ಲಿ ಅದು ವಾದ್ಯದ ಒಂದು ಭಾಗವೇ ಆಗಿದೆ. ದೋಷ ಹುಟ್ಟುವುದು, ಸಂಗೀತದ ಯಾವ ಅಗತ್ಯವೂ ಇಲ್ಲದೆ, ಪಕ್ಕದ ಅಂಗಡಿಯ ಮುದ್ರಿಕೆಗಿಂತ ತನ್ನದು ಗಟ್ಟಿಯಾಗಿ ಕೇಳಿಸಲೆಂಬ ಒಂದೇ ಉದ್ದೇಶದಿಂದ ಅದನ್ನು ಪ್ರಯೋಗಿಸಿದಾಗ.

ಈ ಸ್ಪರ್ಧೆಯ ಬೇರು ನಮ್ಮ ಕಿವಿಯಲ್ಲಿಯೇ ಇದೆ. ದನಿ ಮೆಲ್ಲಗಿದ್ದಾಗ ಕಿವಿಯು ಬಹಳ ತಗ್ಗಿನ ಸ್ವರಗಳನ್ನು ಸರಿಯಾಗಿ ಗ್ರಹಿಸುವುದಿಲ್ಲವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ೧೯೩೩ರಲ್ಲಿಯೇ ಅಳೆದು ತೋರಿಸಿದರು. ದನಿ ಗಟ್ಟಿಯಾದಂತೆಲ್ಲ ಆ ಸ್ವರಗಳು ತುಂಬಿಕೊಂಡು ಬರುತ್ತವೆ. ಆದಕಾರಣ ಒಂದೇ ಹಾಡನ್ನು ಎರಡು ಬಲಗಳಲ್ಲಿ ಒಂದಾದಮೇಲೊಂದರಂತೆ ಕೇಳಿಸಿದರೆ ಗಟ್ಟಿಯಾದದ್ದೇ ಚೆನ್ನಾಗಿದೆಯೆಂದು ಕೇಳುಗನು ಹೇಳುವುದು ಸಹಜ. ಅಮೆರಿಕದ ಹೋಟೆಲುಗಳಲ್ಲಿ ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸುಗಳಿದ್ದ ಕಾಲಕ್ಕೇ ಮುದ್ರಿಕೆಯ ಕಂಪೆನಿಗಳಿಗೆ ಈ ಗುಟ್ಟು ತಿಳಿದಿದ್ದಿತು. ಪೆಟ್ಟಿಗೆಯ ಗಟ್ಟಿತನವನ್ನು ಹೋಟೆಲಿನವನು ಒಂದೇ ಸಮನಾಗಿ ಇಟ್ಟಿರುತ್ತಿದ್ದುದರಿಂದ, ಯಾವ ತಟ್ಟೆಯ ಗೀರು ಆಳವೋ ಅದು ಎದ್ದು ಕೇಳುತ್ತಿತ್ತು. ಆದರೆ ತಟ್ಟೆಗೆ ತನ್ನದೇ ಆದ ಕಟ್ಟುಪಾಡಿದ್ದಿತು. ಗೀರು ಹೆಚ್ಚು ಹೊಯ್ದಾಡಿದರೆ ಮುಳ್ಳು ಎಗರುತ್ತದೆ. ಅಕ್ಕಪಕ್ಕದ ಗೀರುಗಳು ದೂರದೂರ ಸರಿದು ಹಾಡಿನ ಕಾಲ ಕಡಮೆಯಾಗುತ್ತದೆ. ಡಿಸ್ಕಿನಲ್ಲಿ ಈ ಅಂಕುಶವಿಲ್ಲ. ಮೇಲಿನ ಮಿತಿಯೊಂದನ್ನು ಬಿಟ್ಟರೆ ಅದರಲ್ಲಿ ಏನನ್ನು ಬರೆದರೂ ಅದು ಒಪ್ಪಿಕೊಳ್ಳುತ್ತದೆ. ಅಲೆ ಬರುವುದಕ್ಕೆ ಮುಂಚೆಯೇ ಅದನ್ನು ಕಂಡು ತಗ್ಗಿಸಬಲ್ಲ ಗಣಕ ಲಿಮಿಟರುಗಳು, ಅವುಗಳಲ್ಲಿ ಹೆಸರಾದ ವೇವ್ಸ್ ಕಂಪೆನಿಯ ಎಲ್-೧ ಎಂಬುದು ೧೯೯೪ರಲ್ಲಿ, ಬಂದ ಮೇಲೆ ಸ್ಪರ್ಧೆಗೆ ತಡೆಯೇ ಇಲ್ಲದಂತಾಯಿತು. ೧೯೯೫ರಲ್ಲಿ ಬಂದ ಒಯೆಸಿಸ್ ತಂಡದ ಎರಡನೆಯ ಮುದ್ರಿಕೆಯನ್ನೂ, ೧೯೯೯ರ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ತಂಡದ 'ಕ್ಯಾಲಿಫೋರ್ನಿಕೇಶನ್' ಎಂಬುದನ್ನೂ ಈ ಹಾದಿಯ ಮೈಲಿಗಲ್ಲುಗಳೆಂದು ಈ ವಿಷಯದಲ್ಲಿ ಬರೆದವರು ಮತ್ತೆ ಮತ್ತೆ ಹೆಸರಿಸುತ್ತಾರೆ.

ಈಗ ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಅಮೆರಿಕದ ಮೆಟಾಲಿಕಾ ತಂಡದವರು ೨೦೦೮ರ ಸೆಪ್ಟೆಂಬರಿನಲ್ಲಿ 'ಡೆತ್ ಮ್ಯಾಗ್ನೆಟಿಕ್' ಎಂಬ, ಹತ್ತು ಹಾಡುಗಳುಳ್ಳ ಮುದ್ರಿಕೆಯನ್ನು ಹೊರತಂದರು. ನಿರ್ಮಾಪಕರು ರಿಕ್ ರೂಬಿನ್. ಹಾಡುಗಳು ಡಿಸ್ಕಿನಲ್ಲಲ್ಲದೆ ಇನ್ನೊಂದು ರೂಪದಲ್ಲಿಯೂ ಆಗಲೇ ಪ್ರಕಟವಾದವು: ಗಿಟಾರಿನಾಕಾರದ ಆಟಿಕೆಯ ಗುಂಡಿಗಳನ್ನು ಹಾಡಿಗೆ ಸರಿಯಾಗಿ ಒತ್ತುತ್ತ ಹೋಗುವ 'ಗಿಟಾರ್ ಹೀರೋ' ಎಂಬ ಗಣಕದ ಆಟಕ್ಕೆ ಇಡೀ ಮುದ್ರಿಕೆಯನ್ನು ಒದಗಿಸಿದ್ದರು. ಆಟಗಾರನು ಗುಂಡಿ ತಪ್ಪಿದಾಗ ಗಿಟಾರಿನ ದನಿಯೊಂದೇ ನಿಂತು ಮಿಕ್ಕ ವಾದ್ಯಗಳು ಮುಂದುವರಿಯಬೇಕಾಗಿರುವುದರಿಂದ, ಈ ಆಟಕ್ಕೆ ವಾದ್ಯಗಳ ದನಿಗಳನ್ನು ಬೇರೆಬೇರೆಯಾಗಿಯೇ ಕೊಡಬೇಕು. ಎಲ್ಲವನ್ನೂ ಬೆರೆಸಿ ಒತ್ತಿ ಮುಗಿಸಿದ ಡಿಸ್ಕಿನ ಪಾಠ ಅಲ್ಲಿ ಉಪಯೋಗಕ್ಕೆ ಬಾರದು. ಹೀಗೆ ಅಕಸ್ಮಾತ್ತಾಗಿ ಒಂದೇ ಕೃತಿಯ ಎರಡು ಪಾಠಗಳು ಏಕಕಾಲದಲ್ಲಿ ಲೋಕದ ಕೈಗೆ ಬಂದವು. ಎರಡನ್ನೂ ಹೋಲಿಸಿ ನೋಡಿದವರು ಮೊದಲು ವಿದ್ವಾಂಸರಲ್ಲ, ಆ ತಂಡದ ಅಭಿಮಾನಿಗಳು. ಡಿಸ್ಕಿನ ಪಾಠವು ಆಟದ ಪಾಠಕ್ಕಿಂತ ಸುಮಾರು ೧೦ ಡೆಸಿಬೆಲ್ ಗಟ್ಟಿಯಾಗಿದೆಯೆಂದೂ, ಆ ಗಟ್ಟಿತನಕ್ಕಾಗಿ ಡ್ರಮ್ಮಿನ ಪೆಟ್ಟುಗಳ ತುದಿಗಳೆಲ್ಲ ಕತ್ತರಿಸಿಹೋಗಿವೆಯೆಂದೂ ಇಂಗ್ಲೆಂಡಿನ ಮಾಸ್ಟರಿಂಗ್ ಇಂಜಿನಿಯರಾದ ಇಯಾನ್ ಷೆಫರ್ಡರು ತೋರಿಸಿದರು. ಮುದ್ರಿಕೆಯನ್ನು ಹೊಸದಾಗಿ ಮಿಶ್ರಣಮಾಡಿ ಕೊಡಬೇಕೆಂಬ ಬಿನ್ನಹಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿಹಾಕಿದರು. ಕಿವಿ ಗಡಚಿಕ್ಕುವ ಸಂಗೀತವನ್ನೇ ಮೆಚ್ಚಿದವರು, ಇದು ಗಟ್ಟಿಯಾಯಿತೆಂದು ದೂರಿದರು!

'ದಿ ಡೇ ದಟ್ ನೆವರ್ ಕಮ್ಸ್' ಎಂಬ ಸುಮಾರು ಎಂಟು ನಿಮಿಷಗಳ ಹಾಡನ್ನು ತೆಗೆದುಕೊಂಡರೆ ಈ ದೂರಿನ ಅರ್ಥ ತಿಳಿಯುತ್ತದೆ. ಹಾಡು ಗಿಟಾರಿನ ಮೆಲ್ಲನೆಯ, ಬಿಡಿಬಿಡಿಯಾದ ಸ್ವರಗಳಿಂದ ಮೊದಲಾಗಿ, ಕ್ರಮಕ್ರಮವಾಗಿ ತೂಕ ಕೂಡಿಸಿಕೊಂಡು, ಕೊನೆಯಲ್ಲಿ ವೇಗದ ವಾದ್ಯಪ್ರವಾಹವಾಗುತ್ತದೆ. ಇದರ ಬಂಧವೇ ಏರಿಕೆಯ ಬಂಧ. ಆಟದ ಪಾಠದಲ್ಲಿ ಕೊನೆಯ ಭಾಗಕ್ಕೆ ಬಂದಾಗ ಪ್ರತಿಯೊಂದು ಪೆಟ್ಟೂ ಅದರ ಸುತ್ತಲಿನ ನಾದವನ್ನು ಸೀಳಿಕೊಂಡು ಮೇಲೇಳುತ್ತದೆ. ಡಿಸ್ಕಿನ ಪಾಠದಲ್ಲಿ ಮೇಲೇಳುವುದಕ್ಕೆ ಜಾಗವೇ ಇಲ್ಲ. ಪೆಟ್ಟು ಬಿದ್ದ ಕ್ಷಣದಲ್ಲಿ ಗಿಟಾರುಗಳ ದನಿ ಒಂದಿಷ್ಟು ಕುಗ್ಗಿ ಹಿಂದಕ್ಕೆ ಸರಿದು, ಪೆಟ್ಟು ಬಿದ್ದದ್ದೆಂಬ ಸೂಚನೆಯನ್ನು ಮಾತ್ರ ಕೊಡುತ್ತದೆ. ಅದರ ಜೊತೆಗೆ ಒಣಸೌದೆ ಮುರಿದಂತಹ ಒಂದು ಸಿಡಿತ. ಆಟದ ಪಾಠದಲ್ಲಿ ಏರಿ ತುದಿ ಮುಟ್ಟುವ ಹಾಡು ಡಿಸ್ಕಿನ ಪಾಠದಲ್ಲಿ ಮಧ್ಯದಲ್ಲಿಯೇ ಮೇಲ್ಚಾವಣಿಗೆ ತಲೆತಾಗಿ ಉಳಿದ ದಾರಿಯನ್ನು ಬಾಗಿಕೊಂಡು ನಡೆಯುತ್ತದೆ. ಡಿಸ್ಕನ್ನು ಮಾತ್ರ ಕೇಳಿ, ಈ ತಂಡದವರಿಗೆ ಏರಿಕೆಯನ್ನು ಕಟ್ಟುವ ಶಕ್ತಿ ಉಡುಗಿತೆಂದು ಬರೆದ ವಿಮರ್ಶಕನಿದ್ದರೆ, ಅವನು ಲಿಪಿಕಾರನ ತಪ್ಪಿಗೆ ಕವಿಯನ್ನು ದಂಡಿಸಿದಂತಾಯಿತು.

ಲಿಪಿಕಾರನಾರು ಎಂಬ ಪ್ರಶ್ನೆಯೂ ಸುಲಭವಾದುದಲ್ಲ. ಅಂತಿಮ ಹಂತದ ಕೆಲಸವನ್ನು ಮಾಡಿದ ಟೆಡ್ ಜೆನ್ಸನ್ನರು, ಮಿಶ್ರಣವು ತಮ್ಮ ಕೈ ಸೇರುವ ವೇಳೆಗೇ ಒತ್ತಿಹೋಗಿದ್ದಿತೆಂದು ಬರೆದದ್ದು ಬಹಿರಂಗವಾಯಿತು. ತಂಡದ ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಈ ನಾದವನ್ನು ಸಮರ್ಥಿಸಿಕೊಂಡರು. ಹಾಗಾದರೆ ಕೃತಿಕಾರನ ಒಪ್ಪಿಗೆಯ ಮುದ್ರೆ ಬಿದ್ದಿರುವುದು ಡಿಸ್ಕಿನ ಪಾಠಕ್ಕೇ ಹೊರತು ಆಟದ ಪಾಠಕ್ಕಲ್ಲ. ಆಟದ ಪಾಠವೇ ಮೂಲ, ಡಿಸ್ಕು ಅದರ ಅಪಭ್ರಂಶ ಎಂದು ಅಭಿಮಾನಿಗಳು ಸಾರುವುದೂ ಪೂರ್ತಿ ಸರಿಯಲ್ಲ. ಆಟದಲ್ಲಿ ವಾದ್ಯಗಳ ಪರಸ್ಪರ ಪ್ರಮಾಣ ಬೇರೆಯಾಗಿದೆ. ಅದು ಬೇರೊಂದು ಪ್ರಯೋಜನಕ್ಕಾಗಿ ಸಿದ್ಧವಾದ ಪಾಠ. ಎರಡು ಶಾಖೆಗಳೂ ಕಾಣದ ಒಂದು ಮಾತೃಕೆಯಿಂದ ಇಳಿದವು. ಒಂದು ಶಾಖೆ ಕೃತಿಕಾರನ ಒಪ್ಪಿಗೆಯನ್ನು ಪಡೆದಿದೆ, ಇನ್ನೊಂದು ಮಾತೃಕೆಯ ಹರವನ್ನು ಹೆಚ್ಚಾಗಿ ಉಳಿಸಿಕೊಂಡಿದೆ. ಪಾಠಸಂಶೋಧಕನು ಇಷ್ಟನ್ನು ಹೇಳಬಹುದು. ಇದಕ್ಕಿಂತ ಹೆಚ್ಚು ಹೇಳಿದರೆ ಅದು ರುಚಿಯ ಮಾತು. ನನ್ನ ರುಚಿ ಆಟದ ಪಾಠದ ಕಡೆಗಿದೆಯೆಂಬುದನ್ನು ಮರೆಮಾಚುವುದಿಲ್ಲ.

ಕೃತಿಕಾರನ ಒಪ್ಪಿಗೆಯನ್ನೇ ಪ್ರಮಾಣವೆಂದು ಹಿಡಿದರೆ ಎಲ್ಲಿಗೆ ಮುಟ್ಟುತ್ತೇವೆಂಬುದಕ್ಕೆ ಇಗ್ಗಿ ಪಾಪ್ ಮತ್ತು ಸ್ಟೂಜಸ್ ತಂಡದ 'ರಾ ಪವರ್' ನಿದರ್ಶನವಾಗಿದೆ. ೧೯೭೩ರ ಮೂಲ ಪ್ರಕಟಣೆಯ ಮಿಶ್ರಣ ಡೇವಿಡ್ ಬೋವಿಯವರದು. ಅದು ತೆಳುವಾಯಿತೆಂಬ ಆಕ್ಷೇಪ ಬಹುಕಾಲ ಇದ್ದಿತು. ೧೯೯೭ರಲ್ಲಿ ಇಗ್ಗಿ ಪಾಪ್ ತಾನೇ ಕುಳಿತು, ಅಳತೆಯ ಮುಳ್ಳು ಕೆಂಪು ಗೆರೆಯನ್ನು ದಾಟಿಯೇ ಇರುವಂತೆ ಬೇಕೆಂದೇ ಹೊಸ ಮಿಶ್ರಣವನ್ನು ಮಾಡಿದನು. ಇಲ್ಲಿ ಸಂಕೋಚನವು ಅಂಗಡಿಯವನ ಆತುರವಲ್ಲ, ಕರ್ತೃವಿನ ಹಟ. ಕೆಲವು ಕಾಲ ಡಿಸ್ಕಿನ ಅಂಗಡಿಗಳಲ್ಲಿ ಈ ಪಾಠವೇ ಹಳೆಯದರ ಸ್ಥಾನವನ್ನಾಕ್ರಮಿಸಿದ್ದಿತು. ೨೦೧೦ರಲ್ಲಿ ಬೋವಿಯ ಮಿಶ್ರಣವನ್ನು ಮತ್ತೆ ಪ್ರಕಟಿಸಬೇಕಾಯಿತು. ಕವಿಯೇ ಮುಪ್ಪಿನಲ್ಲಿ ತನ್ನ ಕಾವ್ಯವನ್ನು ತಿದ್ದಿದರೆ ಮೊದಲ ಪಾಠವನ್ನು ಸುಡಬೇಕೆಂದು ಯಾವ ಸಂಪಾದಕನೂ ಹೇಳುವುದಿಲ್ಲ. ಎರಡನ್ನೂ ಇಡುತ್ತಾನೆ.

ಇದಕ್ಕೆ ವಿರುದ್ಧವಾದದ್ದು ಕೆನಡಾದ ರಷ್ ತಂಡದ 'ವೇಪರ್ ಟ್ರೇಲ್ಸ್' ಎಂಬುದರ ಕಥೆ. ತಂಡದ ಡ್ರಮ್ ವಾದಕ ನೀಲ್ ಪೀರ್ಟರು ೧೯೯೭ರಲ್ಲಿ ಮಗಳನ್ನೂ, ಮರುವರ್ಷ ಹೆಂಡತಿಯನ್ನೂ ಕಳೆದುಕೊಂಡು ಸಂಗೀತದಿಂದಲೇ ದೂರವಾಗಿದ್ದು, ವರ್ಷಗಳ ಮೌನದ ಅನಂತರ ೨೦೦೨ರಲ್ಲಿ ಈ ಮುದ್ರಿಕೆಯೊಡನೆ ಮರಳಿದರು. ಅಂತಹ ಕೃತಿಯು ಕರ್ಕಶವಾದ ಒಂದೇ ಗೋಡೆಯಂತೆ ಅಚ್ಚಾಗಿ ಬಂದಿತು. ವಾದಕರಿಗೇ ಅದು ಮನಸ್ಸಿಗೆ ಒಪ್ಪಲಿಲ್ಲ. ದೋಷವು ಮಿಶ್ರಣದಲ್ಲಿಯೇ ಸೇರಿದ್ದುದರಿಂದ ಅಂತಿಮ ಹಂತವನ್ನು ಮಾತ್ರ ಮತ್ತೆ ಮಾಡಿದರೆ ಸಾಲದೆ, ಬಿಡಿ ವಾದ್ಯಗಳ ಮೂಲ ಮುದ್ರಣಗಳಿಗೆ ಹಿಂದಿರುಗಿ, ಡೇವಿಡ್ ಬಾಟ್ರಿಲ್ ಎಂಬವರಿಂದ ೨೦೧೩ರಲ್ಲಿ ಇಡೀ ಮುದ್ರಿಕೆಯನ್ನು ಹೊಸದಾಗಿ ಬೆರೆಸಿ ಪ್ರಕಟಿಸಿದರು. ಮೂಲ ಮುದ್ರಣಗಳು ಉಳಿದಿದ್ದವು. ಆದುದರಿಂದ ಇದು ಸಾಧ್ಯವಾಯಿತು. ಎಲ್ಲ ಮುದ್ರಿಕೆಗಳಿಗೂ ಈ ಭಾಗ್ಯವಿಲ್ಲ.

ಇಲ್ಲಿ ಪ್ರತಿವಾದವೊಂದನ್ನು ಎದುರಿಸುವುದು ನ್ಯಾಯ. ಇಮ್ಯಾನ್ಯುಯೆಲ್ ಡೆರುಟಿ ಎಂಬ ಫ್ರೆಂಚ್ ಸಂಶೋಧಕರು ೨೦೧೧ರಲ್ಲಿ 'ಸೌಂಡ್ ಆನ್ ಸೌಂಡ್' ಪತ್ರಿಕೆಯಲ್ಲಿ, ಹಲವು ದಶಕಗಳ ಮುದ್ರಿಕೆಗಳನ್ನು ಅಳೆದು, ಹಾಡಿನ ಭಾಗಭಾಗಗಳ ನಡುವಣ ಬಲದ ವ್ಯತ್ಯಾಸ ಈ ಸ್ಪರ್ಧೆಯಿಂದ ಕಡಮೆಯಾಗಿಲ್ಲವೆಂದೂ, ಕಡಮೆಯಾಗಿರುವುದು ಕ್ಷಣಿಕ ಶಿಖರಗಳಿಗೂ ಸರಾಸರಿ ಬಲಕ್ಕೂ ಇರುವ ಅಂತರವೆಂದೂ ವಾದಿಸಿದರು. ಈ ಭೇದವನ್ನು ನಾನು ಒಪ್ಪುತ್ತೇನೆ. ಅದನ್ನು ಮಾಡದೆ 'ಹರವು ನಾಶವಾಯಿತು' ಎಂದು ಒಟ್ಟಾರೆ ಗೋಳಾಡುವವರಿಂದ ವಿಷಯ ತಿಳಿಯಾಗಿಲ್ಲ. ಆದರೆ ಇದರಿಂದ ದೋಷ ಅಲ್ಪವೆಂದು ಸಿದ್ಧವಾಗದು. ಪ್ರಕರಣ ಪ್ರಕರಣಗಳ ನಡುವೆ ಏರಿಳಿತ ಉಳಿದು, ಪ್ರತಿಯೊಂದು ಪದದ ಒತ್ತು ಅಳಿಸಿಹೋದ ಕಾವ್ಯವಾಚನವನ್ನು ಕಲ್ಪಿಸಿಕೊಳ್ಳಿ. ಗಮಕಿಯು ಯುದ್ಧವರ್ಣನೆಯನ್ನು ಗಟ್ಟಿಯಾಗಿಯೂ ವಿಲಾಪವನ್ನು ಮೆಲ್ಲಗೂ ಓದಿದರೂ, ಪ್ರಾಸದ ಮೇಲೆ, ಯತಿಯ ಮೇಲೆ ದನಿಯ ತೂಕ ಬೀಳದಿದ್ದರೆ ಓದು ಜೀವಂತವಾಗಿರುವುದೆ?

ಹಾಳಾದ ಪಾಠವನ್ನು ಸರಿಪಡಿಸುವ ಉಪಾಯಗಳಿಗೆ ಈಗ ಬರೋಣ. ಇಂದು ಹೆಚ್ಚಿನ ಭ್ರಾಂತಿ ಹಬ್ಬಿರುವುದು ಇಲ್ಲಿ. ಕುಗ್ಗಿಸಿದ್ದನ್ನು ಹಿಗ್ಗಿಸುವ ವಿಸ್ತಾರಕ ಯಂತ್ರಗಳನ್ನು ಡಿಬಿಎಕ್ಸ್ ಎಂಬ ಅಮೆರಿಕದ ಕಂಪೆನಿಯವರು ೧೯೭೦ರ ದಶಕದಲ್ಲಿಯೇ ಮನೆಬಳಕೆಗೆ ಮಾರುತ್ತಿದ್ದರು. ಕತ್ತರಿಸಿದ ಅಲೆಯ ತುದಿಗಳನ್ನು ಲೆಕ್ಕಾಚಾರದಿಂದ ಮತ್ತೆ ಬರೆಯುವ ತಂತ್ರಾಂಶಗಳು ಇಂದು ಹಲವಿವೆ. ಇವು ಮಾಡುವುದೇನು? ಓಲೆಗರಿಯ ಮೇಲಂಚನ್ನೂ ಕೆಳಅಂಚನ್ನೂ ಯಾರೋ ಕತ್ತರಿಸಿದರೆಂದು ಭಾವಿಸೋಣ. ಮೇಲಣ ಪಂಕ್ತಿಯಲ್ಲಿ ತಲೆಕಟ್ಟು ಗುಡಿಸುಗಳು ಹೋದವು. ಕೆಳಗಣ ಪಂಕ್ತಿಯಲ್ಲಿ ಒತ್ತಕ್ಷರಗಳು ಹೋದವು. ಉಳಿದ ಮೈಯನ್ನು ನೋಡಿ ಅದು ಯಾವ ಗುಣಿತವೆಂದು ಹೇಳಲಾಗದು. ಬೇರೆಬೇರೆ ಅಕ್ಷರಗಳು ಕತ್ತರಿಸಿದ ಮೇಲೆ ಒಂದೇ ಆಗಿ ಕಾಣುತ್ತವೆ. ಅಲೆಯ ತುದಿಯೂ ಹೀಗೆಯೇ. ಗೆರೆಗಿಂತ ಸ್ವಲ್ಪ ಮೇಲೇರಿದ ಅಲೆಗೂ ಬಹಳ ಮೇಲೇರಿದ ಅಲೆಗೂ ಕತ್ತರಿಸಿದ ಬಳಿಕ ಒಂದೇ ಅಂಕಿ. ಆ ಅಂಕಿಯಿಂದ ಹಿಂದಕ್ಕೆ ಹೋಗುವ ದಾರಿ ಒಂದಲ್ಲ, ಅನೇಕ. ಆದರೆ ಸಂಪಾದಕನು ಛಂದಸ್ಸನ್ನೂ ಅರ್ಥವನ್ನೂ ನೋಡಿ ಅಕ್ಷರವನ್ನು ಊಹಿಸಬಹುದಷ್ಟೆ? ಅಂತೆಯೇ ತಂತ್ರಾಂಶವು ಕತ್ತರಿಸಿದ ಜಾಗದ ಹಿಂದುಮುಂದಿನ ಅಲೆಯ ನಡೆಯನ್ನು ನೋಡಿ ತುದಿಯನ್ನು ಊಹಿಸುತ್ತದೆ. ಕತ್ತರಿಕೆ ಹತ್ತು ಅಳತೆಗಳಷ್ಟು ಉದ್ದವಾಗಿದ್ದರೆ, ಅಂದರೆ ಸೆಕೆಂಡಿನ ೪,೪೧೦ನೆಯ ಒಂದು ಪಾಲಿನಷ್ಟಾದರೆ, ಊಹೆ ಬಹುಮಟ್ಟಿಗೆ ಸರಿಬರುತ್ತದೆ. ಕತ್ತರಿಕೆಗಳು ಉದ್ದವಾದಂತೆಲ್ಲ, ಒಂದರ ಪಕ್ಕದಲ್ಲೊಂದು ಬಂದಂತೆಲ್ಲ, ಊಹೆಗೆ ಹಿಡಿದುಕೊಳ್ಳಲು ಆಧಾರವೇ ಇಲ್ಲವಾಗುತ್ತದೆ.

ಲಿಮಿಟರಿನ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಅದು ತುದಿಯನ್ನು ಕತ್ತರಿಸುವುದಿಲ್ಲ. ಕ್ಷಣಕ್ಷಣಕ್ಕೂ ಒಂದು ಗುಣಕದಿಂದ ಅಲೆಯನ್ನು ತಗ್ಗಿಸುತ್ತದೆ. ಯಾವ ಕ್ಷಣದಲ್ಲಿ ಯಾವ ಗುಣಕವೆಂಬ ಪಟ್ಟಿ ನಮ್ಮ ಕೈಯಲ್ಲಿದ್ದರೆ ಹಿಂದಿರುಗಿಸುವುದು ಬಾಲಬೋಧೆಯ ಭಾಗಾಕಾರ. ಆ ಪಟ್ಟಿಯನ್ನು ಡಿಸ್ಕಿನಲ್ಲಿ ಬರೆದಿಡುವುದಿಲ್ಲ. ವಿಸ್ತಾರಕವು ಅದನ್ನು ತಾನೇ ಊಹಿಸಿ, ಪೆಟ್ಟೆಂದು ತೋರಿದ್ದನ್ನೆಲ್ಲ ಹಿಗ್ಗಿಸುತ್ತದೆ. ಮೂಲದಲ್ಲಿ ಮೆಲ್ಲಗಿದ್ದ ಪೆಟ್ಟೂ ಗಟ್ಟಿಯಾಗಿದ್ದ ಪೆಟ್ಟೂ ಲಿಮಿಟರಿನ ಕೈಯಲ್ಲಿ ಸಮನಾದವು. ವಿಸ್ತಾರಕದ ಕೈಯಲ್ಲಿ ಎರಡೂ ಸಮನಾಗಿಯೇ ಮೇಲೇಳುತ್ತವೆ. ಕಿವಿಗೆ ಹಿತವೆನಿಸಬಹುದು. ನಾನೂ ಕೆಲವು ಮುದ್ರಿಕೆಗಳನ್ನು ಹೀಗೆ ಮಾಡಿಯೇ ಕೇಳುತ್ತೇನೆ, ಕೇಳದೆ ಇರುವುದಕ್ಕಿಂತ ಇದು ಲೇಸು. ಆದರೆ ಅದು ಊಹಾಪಾಠ. ಊಹಾಪಾಠವನ್ನು ಕಂಸದಲ್ಲಿ ಹಾಕಿ ಅಚ್ಚುಮಾಡುವುದು ಗ್ರಂಥಸಂಪಾದನೆಯ ಸದಾಚಾರ. 'ಪುನಶ್ಚೇತನಗೊಳಿಸಿದ ಮುದ್ರಿಕೆ' ಎಂದು ಹೆಸರಿಟ್ಟು ಮಾರುವವರು ಆ ಕಂಸವನ್ನು ಅಳಿಸಿಬಿಡುತ್ತಾರೆ.

ಅಂಕಿಗಳೂ ಮೋಸಮಾಡುತ್ತವೆ. ಶಿಖರಕ್ಕೂ ಸರಾಸರಿಗೂ ಇರುವ ಅಂತರವನ್ನು ಅಳೆದು ಮುದ್ರಿಕೆಗೆ ಒಂದು ಅಂಕಿ ಕೊಡುವ ಪದ್ಧತಿ ರಸಿಕರಲ್ಲಿ ಬಳಕೆಗೆ ಬಂದಿದೆ. ಅದೇ ಮುದ್ರಿಕೆಯ ಲಾಂಗ್‌ಪ್ಲೇ ತಟ್ಟೆಯನ್ನು ಅಳೆದರೆ ಹೆಚ್ಚಿನ ಅಂಕಿ ಬರುವುದನ್ನು ಕಂಡು, ತಟ್ಟೆಯ ಪಾಠವೇ ಶುದ್ಧವೆಂದು ಹಲವರು ತೀರ್ಮಾನಿಸುತ್ತಾರೆ. ಕೆಲವೊಮ್ಮೆ ಅದು ನಿಜ. ಆದರೆ ಒತ್ತಿ ಮುಗಿಸಿದ ಒಂದೇ ಮಾಸ್ಟರಿನಿಂದ ಕೊರೆದ ತಟ್ಟೆಯೂ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. ಗೀರು ಕೊರೆಯುವ ಮತ್ತು ಮುಳ್ಳಿನಿಂದ ಓದುವ ಕ್ರಿಯೆಗಳಲ್ಲಿ ಅಲೆಯ ಅಂಗಗಳು ಒಂದಿಷ್ಟು ಹಿಂದುಮುಂದಾಗಿ ಚಪ್ಪಟೆಯಾದ ತುದಿಗಳು ಮೊನಚಾಗುವುದೇ ಇದಕ್ಕೆ ಕಾರಣ. ಕಿವಿಗೆ ಏನೂ ಮರಳಿಲ್ಲ, ಅಂಕಿ ಮಾತ್ರ ಏರಿದೆ. ಪ್ರತಿ ಹಳೆಯದಾಗಿ ಕಂಡ ಮಾತ್ರಕ್ಕೆ ಪಾಠ ಹಳೆಯದಾಗದಷ್ಟೆ.

ಮುದ್ರಣದ ಪದ್ಧತಿಯಲ್ಲಿ ಸ್ವಲ್ಪ ಸುಧಾರಣೆಯಾಗಿರುವುದನ್ನೂ ಹೇಳಬೇಕು. 'ಡೆತ್ ಮ್ಯಾಗ್ನೆಟಿಕ್' ವಿವಾದವೆದ್ದ ವರ್ಷವೇ ಹೊರಬಂದ ಗನ್ಸ್ ಎನ್ ರೋಸಸ್ ತಂಡದ 'ಚೈನೀಸ್ ಡೆಮೊಕ್ರಸಿ'ಗೆ ಬಾಬ್ ಲುಡ್ವಿಗ್ಗರು ಸಂಕೋಚನದ ಪ್ರಮಾಣ ಬೇರೆಬೇರೆಯಾದ ಮೂರು ಪಾಠಗಳನ್ನು ಸಿದ್ಧಪಡಿಸಿ ಮುಂದಿಟ್ಟಾಗ, ಹರವು ಹೆಚ್ಚಾಗಿ ಉಳಿದಿದ್ದ ಪಾಠವನ್ನೇ ಆರಿಸಿದರಂತೆ. ದನಿಯ ಬಲವನ್ನು ಕಿವಿಯ ಸ್ವಭಾವಕ್ಕೆ ಅನುಗುಣವಾಗಿ ಅಳೆಯುವ ಅಂತರರಾಷ್ಟ್ರೀಯ ಮಾನವೊಂದು ೨೦೦೬ರಲ್ಲಿ ಗೊತ್ತಾಯಿತು. ೨೦೧೦ರಲ್ಲಿ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು ಎಲ್ಲ ಕಾರ್ಯಕ್ರಮಗಳಿಗೂ ಒಂದೇ ಮಟ್ಟವನ್ನು ವಿಧಿಸಿತು. ಇದೇ ತತ್ತ್ವದ ಮೇಲೆ ಸ್ಪಾಟಿಫೈ ಮುಂತಾದ ಸೇವೆಗಳು ಹಾಡುಗಳನ್ನೆಲ್ಲ ಸಮಬಲಕ್ಕೆ ತಂದು ಕೇಳಿಸುವುದರಿಂದ, ಒತ್ತಿದ ಮುದ್ರಿಕೆಗೆ ಮೊದಲಿದ್ದ ಅನುಕೂಲ ತಪ್ಪಿದೆ. ಸಮಬಲದಲ್ಲಿ ಕೇಳಿದರೆ ಒತ್ತಿದ ಪಾಠವೇ ಸಪ್ಪೆಯಾಗಿ ತೋರುತ್ತದೆ. ಆದರೆ ಈ ಸೇವೆಗಳು ಹಾಡನ್ನು ಒಟ್ಟಾಗಿ ತಗ್ಗಿಸುವುವೇ ಹೊರತು ಅದರೊಳಗಿನ ಹರವನ್ನು ಮರಳಿಸಲಾರವು. ಮೇಲಾಗಿ ಅವು ಪಾಠಾಂತರಗಳ ಗುರುತನ್ನೇ ಅಳಿಸುತ್ತವೆ. ಒಂದು ಹಾಡಿನ ಹೆಸರಿನಡಿಯಲ್ಲಿ ನಿನ್ನೆ ಇದ್ದ ಪಾಠವನ್ನು ತೆಗೆದು ಇನ್ನೊಂದನ್ನು ಇಟ್ಟರೆ ಕೇಳುಗನಿಗೆ ತಿಳಿಯುವ ಬಗೆಯಿಲ್ಲ.

ದೂರದೇಶದ ರಾಕ್ ತಂಡಗಳ ಈ ವಿಚಾರ ನಮಗೇಕೆಂದು ಕೇಳುವವರಿರಬಹುದು. ವೀಣೆಯನ್ನು ನೆನೆಯಿರಿ. ತಂತಿಯನ್ನು ಮೀಟಿದ ಕ್ಷಣದಲ್ಲಿ ನಾದದ ಬಲ ಶಿಖರಕ್ಕೇರಿ ಕೂಡಲೇ ಇಳಿಯತೊಡಗುತ್ತದೆ; ಇಳಿಯುತ್ತಿರುವ ಆ ನಾದದಲ್ಲಿಯೇ ವೈಣಿಕನು ತಂತಿಯನ್ನೆಳೆದು ಗಮಕವನ್ನು ನುಡಿಸುತ್ತಾನೆ. ಮೀಟಿಗೂ ಎಳೆತಕ್ಕೂ ಇರುವ ಬಲದ ಅಂತರವೇ ಆ ವಾದ್ಯದ ಮಾತುಗಾರಿಕೆ. ಈ ನಾದವನ್ನು ಒತ್ತಿದರೆ ಮೀಟು ಮೊಂಡಾಗಿ, ಎಳೆತ ಉಬ್ಬಿ, ವೀಣೆಯು ಬಿಲ್ಲಿನಿಂದ ನುಡಿಸಿದ ವಾದ್ಯವೋ ಎಂಬ ಸಂದೇಹ ಹುಟ್ಟುತ್ತದೆ. ಹಾಡುಗಾರಿಕೆಯಲ್ಲಿ ಗಾಯಕನು ಉಸಿರಿಗೆಂದು ನಿಂತೊಡನೆ ಹಿಂದಿನ ತಂಬೂರಿ ಅಲೆಯೆದ್ದಂತೆ ಮುಂದಕ್ಕೆ ನುಗ್ಗಿ, ಹಾಡು ಮೊದಲಾದೊಡನೆ ಹಿಂದೆ ಬೀಳುತ್ತದೆ.

ಇದು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ. ಬಂಧುಗಳೊಬ್ಬರ ಮನೆ ಹಬ್ಬದಲ್ಲಿ ನಡೆದ ವೀಣಾವಾದನದ ಒಂದು ಕ್ಯಾಸೆಟ್ಟು ನಮ್ಮಲ್ಲಿದ್ದಿತು. ನುಡಿಸಿದವರು ಈಗ ಇಲ್ಲ. ಅವರ ವಾದನದ ಬೇರೆ ಮುದ್ರಣವೂ ಇಲ್ಲ. ಅದನ್ನು ಗಣಕದ ಕಡತವಾಗಿ ಮಾಡಿಸಲು ಒಂದು ಅಂಗಡಿಗೆ ಕೊಟ್ಟೆವು. ಬಂದ ಕಡತ ಮೊದಲ ನಿಮಿಷ ಬಹಳ ಸೊಗಸಾಗಿ, ಗಟ್ಟಿಯಾಗಿ ಕೇಳಿಸಿತು. ಐದು ನಿಮಿಷದ ಮೇಲೆ ಕಿವಿ ದಣಿಯಿತು. ಮೀಟುಗಳೆಲ್ಲ ಒಂದೇ ತೂಕ. ಆಲಾಪನೆಯ ನಿಲುಗಡೆಗಳಲ್ಲಿ ಅಡಿಗೆಮನೆಯ ಪಾತ್ರೆಯ ಸದ್ದು ವೀಣೆಯಷ್ಟೇ ಗಟ್ಟಿ. ಅಂಗಡಿಯವರು ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ದನಿ ಸಣ್ಣದಾಗಿದೆಯೆಂದು ಗಿರಾಕಿಗಳು ದೂರುತ್ತಾರಾದ್ದರಿಂದ ಎಲ್ಲ ಕ್ಯಾಸೆಟ್ಟುಗಳನ್ನೂ ಒಂದೇ ಲಿಮಿಟರಿನ ಮೂಲಕ ಹಾಯಿಸುವುದು ತಮ್ಮ ರೂಢಿಯೆಂದರು. ಹಾಯಿಸದ ಕಡತವನ್ನು ಉಳಿಸಿಕೊಂಡಿರಲಿಲ್ಲ. ಕ್ಯಾಸೆಟ್ಟನ್ನು ನಾವು ಎಸೆದಿರಲಿಲ್ಲವೆಂಬುದು ದೈವಯೋಗ. ಕಡತ ಬಂದಮೇಲೆ ಎಸೆದುಬಿಡುವ ಮನೆಗಳೇ ಹೆಚ್ಚು.

ಧ್ವನಿಭಂಡಾರಗಳ ಅಂತರರಾಷ್ಟ್ರೀಯ ಸಂಘವು ೨೦೦೯ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ನಿಯಮಾವಳಿಯಲ್ಲಿ, ಸಂರಕ್ಷಣೆಗಾಗಿ ಮಾಡುವ ಪ್ರತಿಯನ್ನು ಯಾವ ತಿದ್ದುಪಡಿಯೂ ಇಲ್ಲದೆ, ಸೆಕೆಂಡಿಗೆ ೪೮,೦೦೦ಕ್ಕೆ ಕಡಮೆಯಿಲ್ಲದ ಅಳತೆಗಳಲ್ಲಿ, ಒಂದೊಂದು ಅಳತೆಗೂ ೨೪ ಬಿಟ್ಟುಗಳಂತೆ ತೆಗೆದಿಡಬೇಕೆಂದು ಹೇಳಿದೆ. ತಿದ್ದಬೇಕಾದವರು ಅದರ ಮತ್ತೊಂದು ಪ್ರತಿಯಲ್ಲಿ ತಿದ್ದಿಕೊಳ್ಳಲಿ. ನಮ್ಮಲ್ಲಿ ಹಳೆಯ ತಟ್ಟೆಗಳನ್ನೂ ಮನೆಮನೆಯ ಕ್ಯಾಸೆಟ್ಟುಗಳನ್ನೂ ಸಂಗ್ರಹಿಸುತ್ತಿರುವವರು ಈ ನಿಯಮವನ್ನು ಪಾಲಿಸಿ, ಕಡತದ ಜೊತೆಗೆ ಅದು ಯಾವ ತಟ್ಟೆಯಿಂದ, ಯಾವ ಸಾಧನದಿಂದ, ಯಾವ ಸಂಸ್ಕಾರದೊಡನೆ ಇಳಿದದ್ದೆಂಬುದನ್ನು ನಾಲ್ಕು ಸಾಲಿನಲ್ಲಿ ಬರೆದಿಡುವುದಾದರೆ, ಮುಂದೆ ಬರತಕ್ಕ ವಿಮರ್ಶಕನಿಗೆ ಪ್ರತಿಗಳ ವಂಶಾವಳಿಯನ್ನು ಗುರುತಿಸುವ ಸಾಮಗ್ರಿ ದೊರೆಯುತ್ತದೆ. ವಿಮರ್ಶಕನು ತನ್ನ ಕಡೆಯಿಂದ, ತಾನು ಕೇಳಿದ ಪ್ರಕಟಣೆ ಯಾವ ವರ್ಷದ್ದು, ಡಿಸ್ಕೋ ತಟ್ಟೆಯೋ ಸೇವೆಯ ಕಡತವೋ ಎಂಬುದನ್ನು ಲೇಖನದ ಮೊದಲಲ್ಲಿಯೇ ತಿಳಿಸತಕ್ಕದ್ದು.

ನಮ್ಮ ಕ್ಯಾಸೆಟ್ಟನ್ನು ಆಮೇಲೆ ಮನೆಯಲ್ಲಿಯೇ, ಯಾವ ಸಾಧನವನ್ನೂ ನಡುವೆ ತಾರದೆ, ಎರಡನೆಯ ಸಲ ಇಳಿಸಿಕೊಂಡೆವು. ಅದು ಮೆಲ್ಲಗೆ ಕೇಳುತ್ತದೆ; ಗುಂಡಿಯನ್ನು ಹೆಚ್ಚಾಗಿ ತಿರುಗಿಸಬೇಕು. ಕಲ್ಯಾಣಿಯ ಆಲಾಪನೆಯ ನಡುವೆ ವೈಣಿಕರು ಒಂದು ನಿಷಾದವನ್ನು ಮೀಟಿ, ಅದು ಅಳಿಯುವವರೆಗೂ ಬೆರಳನ್ನು ತೆಗೆಯದೆ ಕಾಯುತ್ತಾರೆ. ಅಂಗಡಿಯ ಕಡತದಲ್ಲಿ ಆ ಜಾಗದಲ್ಲಿದ್ದದ್ದು ಪಾತ್ರೆಯ ಸದ್ದು.